ಕಣ್ಣಿನ ಬೇಲಿಯೇ ಹೊಲ ಮೇಯ್ದರೆ?

ಮಳೆಗಾಲದಲ್ಲಿ ಕಾಕತಿಯಂಥ ಊರಿನ ಶಾಲೆಗಳಲ್ಲಿ ಕೆಂಗಣ್ಣಿನ ಮಕ್ಕಳನ್ನು ಕಾಣುವುದು ಹೊಸತೇನಲ್ಲ. ಇಂದು ಒಬ್ಬನಿಗೆ ಬಂದದ್ದು ನಾಳೆ ಪಕ್ಕದಲ್ಲಿ ಕುಳಿತವನಿಗೆ, ನಾಡಿದ್ದು ಮನೆಯಲ್ಲಿರುವ ತಂಗಿಗೆ. 2023ರ ಜುಲೈ-ಆಗಸ್ಟ್ ತಿಂಗಳುಗಳಲ್ಲಂತೂ ರಾಜ್ಯದ ಹಲವು ಜಿಲ್ಲೆಗಳಲ್ಲಿ ‘ಮದ್ರಾಸ್ ಐ’ ಹರಡಿ, ಮಕ್ಕಳು ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದ್ದು ಎಲ್ಲರಿಗೂ ನೆನಪಿದೆ. ಇದು ಹೆಚ್ಚಾಗಿ ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ವಾಸಿಯಾಗುವ ಬೇನೆ. ಆದ್ದರಿಂದಲೇ ಒಂದು ಅಪಾಯಕಾರಿ ರೂಢಿ ಬೆಳೆದುಬಿಟ್ಟಿದೆ. ಕಣ್ಣು ಕೆಂಪಾದರೆ ಸಾಕು, ‘ಮದ್ರಾಸ್ ಐ ಇರಬೇಕು, ಹೋಗುತ್ತದೆ ಬಿಡು’ ಎನ್ನುವುದು. ಹಿಂದಿನ ಸಲ ಉಳಿದಿದ್ದ ಹನಿ ಔಷಧವನ್ನು ಕಪಾಟಿನಿಂದ ತೆಗೆದು ಹಾಕುವುದು.

ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ. ಅದೇ ಕೆಂಪಿನ ಮರೆಯಲ್ಲಿ ಯುವಿಯೈಟಿಸ್ ಎಂಬ ಇನ್ನೊಂದು ಬೇನೆ ಅಡಗಿರಬಹುದು. ಇದು ಕಣ್ಣಿನ ಹೊರಪೊರೆಯ ರೋಗವಲ್ಲ, ಕಣ್ಣಿನ ಒಳಗಿನ ಉರಿಯೂತ. ಅಲಕ್ಷಿಸಿದರೆ ದೃಷ್ಟಿಯನ್ನೇ ಕಸಿದುಕೊಳ್ಳಬಲ್ಲದು. ಸೋಜಿಗವೆಂದರೆ, ಇದರಲ್ಲಿ ಕಣ್ಣಿಗೆ ಹಾನಿ ಮಾಡುವುದು ಬಹಳಷ್ಟು ಸಲ ಹೊರಗಿನ ಶತ್ರುವಲ್ಲ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ!

ಕಾಕತಿ ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು. 1824ರ ಕಿತ್ತೂರಿನ ಹೋರಾಟದ ಕಥೆಯಲ್ಲಿ ಕೋಟೆಯ ಒಳಗಿನವರೇ ಮದ್ದಿನಲ್ಲಿ ಸಗಣಿ ಬೆರೆಸಿ ದ್ರೋಹ ಮಾಡಿದರೆಂದು ಜನ ಹೇಳುತ್ತಾರೆ. ಕಣ್ಣಿನ ಕೋಟೆಯ ಕಥೆ ಸ್ವಲ್ಪ ಬೇರೆ. ಇಲ್ಲಿ ದ್ರೋಹಿಗಳು ಯಾರೂ ಇಲ್ಲ. ಕಾವಲುಗಾರನ ಅತಿಯಾದ ಉತ್ಸಾಹವೇ ಕೋಟೆಯನ್ನು ಸುಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ದ್ರಾಕ್ಷಿಯಂಥ ಪದರ

ಕಣ್ಣುಗುಡ್ಡೆಗೆ ಮೂರು ಪದರಗಳು. ಹೊರಗಿನದು ಗಟ್ಟಿಯಾದ ಬಿಳಿಗುಡ್ಡೆ. ಅದರ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಪಾರದರ್ಶಕವಾಗಿರುವುದು ಕಾರ್ನಿಯಾ. ಎಲ್ಲಕ್ಕಿಂತ ಒಳಗಿನದು ಬಿಂಬ ಮೂಡುವ ರೆಟಿನಾ. ಇವೆರಡರ ನಡುವಿನ ಪದರಕ್ಕೆ ಯುವಿಯಾ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಯುವಾ’ ಎಂದರೆ ದ್ರಾಕ್ಷಿ. ಬಿಳಿಯ ಹೊರಪದರವನ್ನು ಸುಲಿದರೆ ಒಳಗೆ ಕಾಣುವ ಕಪ್ಪು ಗೋಳ ಥೇಟ್ ವಿಜಯಪುರದ ಕಪ್ಪು ದ್ರಾಕ್ಷಿಯಂತೆಯೇ ಇರುತ್ತದೆ! ಪಾಪೆಯ ಸುತ್ತ ಬಣ್ಣದ ಬಳೆಯಂತೆ ಕಾಣುವ ಐರಿಸ್, ಅದರ ಹಿಂದಿನ ಸಿಲಿಯರಿ ಕಾಯ ಮತ್ತು ರೆಟಿನಾಕ್ಕೆ ಆಹಾರ ಒದಗಿಸುವ ಕೋರಾಯ್ಡ್, ಈ ಮೂರೂ ಸೇರಿದರೆ ಯುವಿಯಾ. ಕಣ್ಣಿನಲ್ಲಿ ರಕ್ತನಾಳಗಳು ಹೇರಳವಾಗಿರುವ ಜಾಗ ಇದು. ಇಲ್ಲಿ ಉರಿಯೂತ ಉಂಟಾದರೆ ಅದೇ ಯುವಿಯೈಟಿಸ್.

ಕಾರಣಗಳು ಹಲವು. ಕ್ಷಯ, ಹರ್ಪಿಸ್ ವೈರಸ್, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಮುಂತಾದ ಸೋಂಕುಗಳಿಂದ ಬರಬಹುದು. ಸೋಂಕೇ ಇಲ್ಲದೆ, ದೇಹ ತನ್ನದೇ ಅಂಗಾಂಶವನ್ನು ಪರಕೀಯವೆಂದು ಭ್ರಮಿಸಿದಾಗಲೂ ಬರಬಹುದು. ಬೆನ್ನುಮೂಳೆಯ ಸಂಧಿವಾತ ಇರುವವರಲ್ಲಿ ಮತ್ತು ಕೆಲವು ಬಗೆಯ ಸಂಧಿವಾತ ಇರುವ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಷ್ಟೋ ರೋಗಿಗಳಲ್ಲಿ ಪರೀಕ್ಷೆಗಳನ್ನೆಲ್ಲ ಮಾಡಿದರೂ ಕಾರಣ ಸಿಗುವುದಿಲ್ಲ.

ಮಳೆ ಹೆಚ್ಚು ಬೀಳುವ ಖಾನಾಪುರದಂಥ ಭತ್ತದ ಸೀಮೆಯವರು ತಿಳಿದಿರಬೇಕಾದ ಕಾರಣವೊಂದಿದೆ. ಅದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ಕೆಸರು ನೀರಿನಿಂದ ಈ ಬ್ಯಾಕ್ಟೀರಿಯಾ ಕಾಲಿನ ಗಾಯದ ಮೂಲಕ ದೇಹವನ್ನು ಹೊಗುತ್ತದೆ. 1993ರ ಕೊನೆಯಲ್ಲಿ ತಮಿಳುನಾಡಿನ ಮದುರೈ ಸುತ್ತಮುತ್ತ ಭಾರಿ ಪ್ರವಾಹ ಬಂತು. ಅದರ ಬೆನ್ನಿಗೆ ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಗೆ ಯುವಿಯೈಟಿಸ್ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ವೈದ್ಯರು ಬೆನ್ನುಹತ್ತಿ ಹುಡುಕಿದಾಗ ಸಿಕ್ಕಿದ್ದು ಲೆಪ್ಟೊಸ್ಪೈರಾ. ಜ್ವರ ಬಂದು ಹೋದ ಮೇಲೆ, ಕೆಲವರಿಗೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಕಣ್ಣು ಕೆಂಪಾಗಿತ್ತು. ಗದ್ದೆಯ ಕೆಸರಿಗೂ ಕಣ್ಣಿಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನುವವರಿಗೆ ಈ ಘಟನೆಯೇ ಉತ್ತರ.

ಕಾಯಿಸಿದರೆ ಕೆಡುವ ವಸ್ತು

ಈಗ ಕಾವಲುಗಾರನ ಪರಿಚಯ ಮಾಡಿಕೊಳ್ಳೋಣ. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂಬ ವಿಶಾಲವಾದ, ಮರಗಳಿಂದ ತುಂಬಿದ ಆವರಣವಿದೆ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಲಸಿಕೆ ಹಾಕಿಸಿಕೊಂಡಾಗ ರಕ್ತದಲ್ಲಿ ಆಯಾ ರೋಗಾಣುವನ್ನು ಗುರುತಿಸುವ ಪ್ರತಿಕಾಯಗಳು ಹುಟ್ಟುತ್ತವೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಆದರೆ ಪ್ರತಿಕಾಯ ಶತ್ರುವನ್ನು ಗುರುತಿಸಿ ಹಿಡಿದುಕೊಂಡರೆ ಸಾಕೇ? ಅದನ್ನು ಕೊಲ್ಲುವವರು ಯಾರು?

ಈ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ಕೊಟ್ಟವನು ಬೆಲ್ಜಿಯಂ ದೇಶದ ಜೂಲ್ಸ್ ಬೋರ್ಡೆ. 1895ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಈತನಿಗೆ ಆಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಕಾಲರಾ ರೋಗಾಣುವಿನ ವಿರುದ್ಧ ನಿರೋಧಕ ಶಕ್ತಿ ಪಡೆದಿದ್ದ ಪ್ರಾಣಿಯ ರಕ್ತದ್ರವ, ಅಂದರೆ ಸೀರಂ, ಆ ರೋಗಾಣುಗಳನ್ನು ಕೊಲ್ಲುತ್ತಿತ್ತು. ಅದನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕೊಲ್ಲುವ ಶಕ್ತಿ ಮಾಯ! ಅದಕ್ಕೆ ರೋಗದ ಸೋಂಕನ್ನೇ ಕಾಣದ ಸಾಧಾರಣ ಪ್ರಾಣಿಯ ತಾಜಾ ಸೀರಂ ಅನ್ನು ಸ್ವಲ್ಪ ಬೆರೆಸಿದರೆ ಶಕ್ತಿ ಮರಳಿ ಬರುತ್ತಿತ್ತು. ಆ ತಾಜಾ ಸೀರಂ ಒಂದೇ ಇದ್ದರೆ ಕಾಲರಾ ರೋಗಾಣುವಿಗೆ ಏನೂ ಆಗುತ್ತಿರಲಿಲ್ಲ.

ಇದರಿಂದ ಬೋರ್ಡೆ ಮಾಡಿದ ತರ್ಕ ಸರಳ. ಸೀರಂನಲ್ಲಿ ಎರಡು ವಸ್ತುಗಳಿರಬೇಕು. ಒಂದು, ಬಿಸಿಗೆ ಜಗ್ಗದ, ಆಯಾ ರೋಗಕ್ಕೆಂದೇ ಹುಟ್ಟಿದ ಪ್ರತಿಕಾಯ. ಇನ್ನೊಂದು, ಎಲ್ಲರ ರಕ್ತದಲ್ಲೂ ಮೊದಲಿನಿಂದಲೇ ಇರುವ, ಬಿಸಿ ತಾಗಿದರೆ ಕೆಡುವ ಮತ್ತೊಂದು ವಸ್ತು. ಪ್ರತಿಕಾಯದ ಕೆಲಸವನ್ನು ಪೂರ್ತಿಗೊಳಿಸುವ ಈ ವಸ್ತುವಿಗೆ ಜರ್ಮನಿಯ ಪಾಲ್ ಎರ್ಲಿಖ್ ‘ಕಾಂಪ್ಲಿಮೆಂಟ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಪೂರಕ ವ್ಯವಸ್ಥೆ ಎನ್ನಬಹುದು. ಬೋರ್ಡೆಗೆ 1919ರ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರಯೋಗಾಲಯಗಳಲ್ಲಿ ಪೂರಕವನ್ನು ನಿಷ್ಕ್ರಿಯಗೊಳಿಸಲು ಸೀರಂ ಅನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವ ಪದ್ಧತಿ ಇಂದಿಗೂ ಉಳಿದಿದೆ.

ಸರಪಳಿಯ ಕೆಲಸ

ಬೋರ್ಡೆ ಒಂದು ವಸ್ತು ಎಂದುಕೊಂಡದ್ದು ಒಂದಲ್ಲ, 30ಕ್ಕೂ ಹೆಚ್ಚು ಪ್ರೋಟೀನುಗಳ ದೊಡ್ಡ ಸಂಸಾರ ಎಂಬುದು ಮುಂದೆ ಗೊತ್ತಾಯಿತು. ಇವುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ. ಮುಖ್ಯವಾದವುಗಳಿಗೆ ಸಿ1ರಿಂದ ಸಿ9ರವರೆಗೆ ಹೆಸರು. ಆದರೆ ಕೆಲಸ ಮಾಡುವಾಗ ಸಿ1ರ ನಂತರ ಸಿ4, ಆಮೇಲೆ ಸಿ2, ಬಳಿಕ ಸಿ3! ವಿಜ್ಞಾನಿಗಳು ಹೆಸರಿಟ್ಟದ್ದು ಪ್ರೋಟೀನುಗಳು ಕೈಗೆ ಸಿಕ್ಕ ಕ್ರಮದಲ್ಲಿ. ಅವು ಕೆಲಸ ಮಾಡುವ ಕ್ರಮ ತಿಳಿದದ್ದು ಆಮೇಲೆ. ಹೀಗಾಗಿ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಈ ಅಡ್ಡಾದಿಡ್ಡಿ ಎಣಿಕೆಯನ್ನು ಬಾಯಿಪಾಠ ಮಾಡಬೇಕಾಗಿದೆ.

ಈ ಪ್ರೋಟೀನುಗಳು ರಕ್ತದಲ್ಲಿ ನಿದ್ದೆಯಲ್ಲಿದ್ದಂತೆ ಹರಿದಾಡುತ್ತಿರುತ್ತವೆ. ಇವುಗಳನ್ನು ಎಬ್ಬಿಸಲು ಮೂರು ದಾರಿಗಳಿವೆ. ರೋಗಾಣುವಿಗೆ ಅಂಟಿಕೊಂಡ ಪ್ರತಿಕಾಯ ಎಬ್ಬಿಸುವುದು ಮೊದಲನೆಯದು. ರೋಗಾಣುವಿನ ಮೈಮೇಲಿನ ವಿಶಿಷ್ಟ ಸಕ್ಕರೆಯ ಅಣುಗಳು ಎಬ್ಬಿಸುವುದು ಎರಡನೆಯದು. ಮೂರನೆಯದು ವಿಚಿತ್ರ: ಇಲ್ಲಿ ಯಾರೂ ಎಬ್ಬಿಸಬೇಕಾಗಿಲ್ಲ. ಸಣ್ಣಗೆ ಮಾಡಿಟ್ಟ ಕಂದೀಲಿನ ಹಾಗೆ ಸಿ3 ಸದಾ ಸ್ವಲ್ಪ ಸ್ವಲ್ಪವೇ ಎಚ್ಚರಗೊಳ್ಳುತ್ತಿರುತ್ತದೆ. ಪರಕೀಯ ಮೇಲ್ಮೈ ಸಿಕ್ಕರೆ ಬತ್ತಿ ಏರಿಸಿದಂತೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಮೂರೂ ದಾರಿಗಳು ಕೂಡುವುದು ಸಿ3 ಎಂಬ ಪ್ರೋಟೀನಿನಲ್ಲಿ. ಅದು ಎರಡು ತುಂಡಾಗುತ್ತದೆ. ದೊಡ್ಡ ತುಂಡು ರೋಗಾಣುವಿನ ಮೈಗೆ ಅಂಟಿಕೊಂಡು, ‘ಇದನ್ನು ನುಂಗಿ’ ಎಂದು ಬಿಳಿ ರಕ್ತಕಣಗಳಿಗೆ ಗುರುತು ಹಾಕಿಕೊಡುತ್ತದೆ. ಸಣ್ಣ ತುಂಡು ಊರಲ್ಲಿ ಡಂಗುರ ಸಾರುವವನಂತೆ. ರಕ್ತನಾಳಗಳನ್ನು ಹಿಗ್ಗಿಸುವ, ಗೋಡೆಗಳನ್ನು ಸಡಿಲಿಸುವ ರಾಸಾಯನಿಕಗಳನ್ನು ಅದು ಹೊರಡಿಸುತ್ತದೆ. ಸಿ5ರಿಂದ ಹುಟ್ಟುವ ಸಣ್ಣ ತುಂಡು ಇನ್ನೂ ಪ್ರಬಲ. ಬಿಳಿ ರಕ್ತಕಣಗಳನ್ನು ಹಿಂಡುಹಿಂಡಾಗಿ ಕರೆತರುತ್ತದೆ. ಸಿ5ರಿಂದ ಸಿ9ರವರೆಗಿನ ಪ್ರೋಟೀನುಗಳು ಒಟ್ಟುಗೂಡಿ ರೋಗಾಣುವಿನ ಪೊರೆಯಲ್ಲಿ ಕೊಳವೆಯಂಥ ತೂತನ್ನು ಕೊರೆಯುತ್ತವೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಅಗಲದ ತೂತು! ಅದರ ಮೂಲಕ ನೀರು ನುಗ್ಗಿ ರೋಗಾಣು ಒಡೆದುಹೋಗುತ್ತದೆ.

ಇದಿಲ್ಲದಿದ್ದರೆ ಏನಾಗುತ್ತದೆ? ಹುಟ್ಟಿನಿಂದಲೇ ಈ ಕೊನೆಯ ಪ್ರೋಟೀನುಗಳ ಕೊರತೆ ಇರುವ ಕೆಲವರಿದ್ದಾರೆ. ಅವರಿಗೆ ಒಂದು ಬಗೆಯ ಮಿದುಳು ಜ್ವರ ಮತ್ತೆ ಮತ್ತೆ ಬರುವ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು. ಆದ್ದರಿಂದ ಈ ವ್ಯವಸ್ಥೆಯನ್ನು ಶಪಿಸುವಂತಿಲ್ಲ. ಇದು ಬೇಕೇ ಬೇಕು, ಆದರೆ ಹದದಲ್ಲಿರಬೇಕು.

ಬೆಂಕಿ ರೇಖೆಗಳು

ಖಾನಾಪುರದಂಥ ಕಾಡಿನ ಸೀಮೆಯಲ್ಲಿ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಉದ್ದಕ್ಕೂ ಒಣಹುಲ್ಲು, ತರಗೆಲೆಗಳನ್ನು ಸವರಿ ‘ಬೆಂಕಿ ರೇಖೆ’ ಮಾಡುತ್ತಾರೆ. ಕಿಡಿ ಬಿದ್ದರೂ ಬೆಂಕಿ ಅದನ್ನು ದಾಟದಿರಲಿ ಎಂಬುದು ಉದ್ದೇಶ. ನಮ್ಮ ದೇಹದ ಜೀವಕೋಶಗಳೂ ಹೀಗೆಯೇ ತಮ್ಮ ಸುತ್ತ ಬೆಂಕಿ ರೇಖೆ ಎಳೆದುಕೊಂಡಿವೆ. ಪೂರಕದ ಸರಪಳಿಯನ್ನು ಕಡಿದುಹಾಕುವ ತಡೆ ಪ್ರೋಟೀನುಗಳು ಅವುಗಳ ಮೈಮೇಲಿರುತ್ತವೆ. ರಕ್ತದಲ್ಲಿ ತೇಲುವ ‘ಫ್ಯಾಕ್ಟರ್ ಎಚ್’ ಎಂಬ ತಡೆಯೂ ಇದೆ. ರೋಗಾಣುವಿಗೆ ಸಾಮಾನ್ಯವಾಗಿ ಇಂಥ ತಡೆ ಇರುವುದಿಲ್ಲ. ಸ್ವಂತದವರು ಯಾರು, ಪರಕೀಯರು ಯಾರು ಎಂಬ ಭೇದ ಉಳಿಯುವುದು ಹೀಗೆ.

ಕಳ್ಳರೂ ಕಡಿಮೆಯೇನಲ್ಲ! ಮೇಲೆ ಹೇಳಿದ ಇಲಿ ಜ್ವರದ ಲೆಪ್ಟೊಸ್ಪೈರಾ ನಮ್ಮದೇ ಫ್ಯಾಕ್ಟರ್ ಎಚ್ ಅನ್ನು ಹಿಡಿದು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಪೊಲೀಸರ ಸಮವಸ್ತ್ರ ತೊಟ್ಟ ಕಳ್ಳನಂತೆ ಪೂರಕದ ಕಣ್ಣಿಗೆ ಮಣ್ಣೆರಚಿ ಬದುಕುತ್ತದೆ.

ಕಣ್ಣಿನ ವಿಷಯದಲ್ಲಿ ಈ ತಡೆಗಳ ಮಹತ್ವ ಇನ್ನೂ ಹೆಚ್ಚು. ಚರ್ಮದಲ್ಲಿ ಉರಿಯೂತವಾದರೆ ಊದಿಕೊಂಡು, ಕೀವಾಗಿ, ಕಲೆ ಉಳಿದು ವಾಸಿಯಾಗುತ್ತದೆ. ಕಣ್ಣಿನೊಳಗೆ ಒಂದು ಕಲೆ ಉಳಿದರೂ ಬೆಳಕಿನ ದಾರಿ ಮುಚ್ಚಿತು. ಅದಕ್ಕೆಂದೇ ಪ್ರಕೃತಿ ಕಣ್ಣಿನೊಳಗೆ ಉರಿಯೂತ ಸುಲಭವಾಗಿ ಏಳದಂತೆ ಏರ್ಪಾಡು ಮಾಡಿದೆ. ಆರೋಗ್ಯವಂತ ಕಣ್ಣಿನಲ್ಲೂ ಪೂರಕ ಸಣ್ಣಗೆ ಉರಿಯುತ್ತಲೇ ಇರುತ್ತದೆ; ತಡೆ ಪ್ರೋಟೀನುಗಳು ಅದನ್ನು ಅಷ್ಟಕ್ಕೇ ನಿಲ್ಲಿಸಿರುತ್ತವೆ. ವಿಜ್ಞಾನಿಗಳು ಇಲಿಗಳ ಕಣ್ಣಿನಲ್ಲಿ ಇಂಥದೊಂದು ತಡೆಯನ್ನು ನಿಷ್ಕ್ರಿಯಗೊಳಿಸಿ ನೋಡಿದರು. ಯಾವ ರೋಗಾಣುವೂ ಇಲ್ಲದೆ ಆ ಕಣ್ಣುಗಳಲ್ಲಿ ಉರಿಯೂತ ಎದ್ದಿತು.

ನಾಗರಹಾವು ಹೇಳಿದ ಗುಟ್ಟು

ಹಾಗಾದರೆ ಯುವಿಯೈಟಿಸ್‌ನಲ್ಲಿ ಪೂರಕದ ಕೈವಾಡ ಎಷ್ಟು? ಇದನ್ನು ಅಳೆಯಲು ವಿಜ್ಞಾನಿಗಳಿಗೆ ನೆರವಾದದ್ದು ನಾಗರಹಾವಿನ ವಿಷ! ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವ ನಮ್ಮ ಜನರಿಗೆ ಇದು ಕುತೂಹಲದ ಸಂಗತಿ. ನಾಗರ ಜಾತಿಯ ಹಾವುಗಳ ವಿಷದಲ್ಲಿ ನಮ್ಮ ಸಿ3 ಪ್ರೋಟೀನನ್ನೇ ಹೋಲುವ ಒಂದು ಪ್ರೋಟೀನಿದೆ. ವ್ಯತ್ಯಾಸವಿಷ್ಟೆ: ನಮ್ಮ ಸಿ3 ಅನ್ನು ತಡೆ ಪ್ರೋಟೀನುಗಳು ನಿಲ್ಲಿಸಬಲ್ಲವು, ಹಾವಿನದನ್ನು ನಿಲ್ಲಿಸಲಾರವು. ಅದು ಬ್ರೇಕಿಲ್ಲದ ಲಾರಿ. ರಕ್ತಕ್ಕೆ ಸೇರಿಸಿದರೆ ಪೂರಕದ ಸರಪಳಿಯನ್ನು ಎಡೆಬಿಡದೆ ಓಡಿಸಿ, ಇದ್ದ ಸಿ3 ಎಲ್ಲವೂ ಖರ್ಚಾಗುವಂತೆ ಮಾಡುತ್ತದೆ. ಈ ಪ್ರೋಟೀನನ್ನು ವಿಷದಿಂದ ಬೇರ್ಪಡಿಸಿ ಶುದ್ಧ ಮಾಡಿ ಪ್ರಾಣಿಗೆ ಕೊಟ್ಟರೆ ಕೆಲ ದಿನಗಳ ಮಟ್ಟಿಗೆ ಪೂರಕವೇ ಇಲ್ಲದ ಪ್ರಾಣಿ ಸಿಗುತ್ತದೆ.

ಅಮೆರಿಕದ ವಿಜ್ಞಾನಿಗಳ ತಂಡವೊಂದು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನೇ ಬಳಸಿತು. ಯುವಿಯೈಟಿಸ್ ಬರುವಂತೆ ಮಾಡಿದ ಇಲಿಗಳಲ್ಲಿ, ಪೂರಕ ಇದ್ದವುಗಳ ಕಣ್ಣು ಕೆಂಪಾಯಿತು. ಹಾವಿನ ಪ್ರೋಟೀನಿನಿಂದ ಪೂರಕ ಬರಿದಾದವುಗಳಲ್ಲಿ ರೋಗ ಏಳಲಿಲ್ಲ. ಮನುಷ್ಯರಲ್ಲಿ ಯುವಿಯೈಟಿಸ್ ಇರುವವರ ಕಣ್ಣಿನ ದ್ರವದಲ್ಲಿಯೂ ಪೂರಕ ಹೊತ್ತಿಕೊಂಡ ಕುರುಹುಗಳು ಸಿಕ್ಕಿವೆ. ಹಾಗೆಂದು ಪೂರಕ ಒಂದೇ ಅಪರಾಧಿಯಲ್ಲ. ಟಿ ಕೋಶ ಎಂಬ ಬಿಳಿ ರಕ್ತಕಣಗಳ ಪಾತ್ರವೂ ದೊಡ್ಡದು. ಆದರೆ ಕಿಡಿಯನ್ನು ಬೆಂಕಿ ಮಾಡುವ ಗಾಳಿ ಪೂರಕವೇ ಎನ್ನಲು ಅಡ್ಡಿಯಿಲ್ಲ.

ಔಷಧದ ದಾರಿ

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿದಿಲ್ಲ. ವಯಸ್ಸಾದವರಲ್ಲಿ ರೆಟಿನಾದ ನಡುಭಾಗ ಸವೆದು, ಎದುರಿಗಿರುವವರ ಮುಖವೇ ಕಾಣದಂತಾಗುವ ಒಂದು ರೋಗವಿದೆ. 2005ರಲ್ಲಿ ವಿಜ್ಞಾನಿಗಳು ಇದರ ಬೇರನ್ನು ಹುಡುಕಿದಾಗ ಸಿಕ್ಕಿದ್ದು ಅದೇ ಫ್ಯಾಕ್ಟರ್ ಎಚ್! ಆ ಪ್ರೋಟೀನಿನ 402ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದ್ದರೆ ರೋಗ ಬರುವ ಸಂಭವ ಹೆಚ್ಚುತ್ತದೆ. ನೂರಾರು ಮಣಿಗಳ ಸರದಲ್ಲಿ ಒಂದೇ ಮಣಿ ಬೇರೆ! ಸಿ3 ಮತ್ತು ಸಿ5 ಅನ್ನು ತಡೆಯುವ ಎರಡು ಔಷಧಗಳಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇವನ್ನು ಕಣ್ಣಿನೊಳಗೇ ಚುಚ್ಚಬೇಕು. ಹೋದ ದೃಷ್ಟಿಯನ್ನು ಇವು ಮರಳಿಸುವುದಿಲ್ಲ, ರೋಗದ ನಡಿಗೆಯನ್ನು ನಿಧಾನಗೊಳಿಸುತ್ತವೆ ಅಷ್ಟೆ.

ಕಣ್ಣಿನ ನರ ಮತ್ತು ಬೆನ್ನುಹುರಿಗೆ ಉರಿಯೂತ ತರುವ ಇನ್ನೊಂದು ವಿರಳ ರೋಗಕ್ಕೆ ಸಿ5 ಅನ್ನು ಕಟ್ಟಿಹಾಕುವ ಎಕುಲಿಜುಮ್ಯಾಬ್ ಎಂಬ ಔಷಧಕ್ಕೆ 2019ರಲ್ಲಿ ಅಲ್ಲಿ ಒಪ್ಪಿಗೆ ದೊರೆಯಿತು. ಜಗತ್ತಿನ ಅತಿ ದುಬಾರಿ ಔಷಧಗಳ ಸಾಲಿನಲ್ಲಿ ಅದೂ ಒಂದು. ಅದನ್ನು ಕೊಡುವ ಮುನ್ನ ಮಿದುಳು ಜ್ವರದ ಲಸಿಕೆ ಹಾಕುತ್ತಾರೆ. ಕಾವಲುಗಾರನ ಕೈ ಕಟ್ಟಿದ ಮೇಲೆ ಬಾಗಿಲಿಗೆ ಬೇರೆ ಚಿಲಕ ಬೇಕಲ್ಲವೇ?

ಯುವಿಯೈಟಿಸ್‌ಗೆ ಮಾತ್ರ ಪೂರಕವನ್ನು ತಡೆಯುವ ಔಷಧ ಇನ್ನೂ ರೂಢಿಗೆ ಬಂದಿಲ್ಲ. ಈಗಲೂ ಮೊದಲ ಆಸರೆ ಸ್ಟೀರಾಯ್ಡ್ ಹನಿಗಳು ಮತ್ತು ಪಾಪೆ ಹಿಗ್ಗಿಸುವ ಹನಿಗಳು. ಸೋಂಕು ಕಾರಣವಾಗಿದ್ದರೆ ಅದಕ್ಕೆ ತಕ್ಕ ಔಷಧ. ಸಕಾಲಕ್ಕೆ ಆರಂಭಿಸಿದರೆ ಹೆಚ್ಚಿನವರ ದೃಷ್ಟಿಯನ್ನು ಇವುಗಳಿಂದಲೇ ಉಳಿಸಿಕೊಳ್ಳಬಹುದು.

ಮನೆಯವರು ಗಮನಿಸಬೇಕಾದದ್ದು

ಮದ್ರಾಸ್ ಐ ಮತ್ತು ಯುವಿಯೈಟಿಸ್‌ಗಳ ವ್ಯತ್ಯಾಸ ತಿಳಿಯುವುದು ಹೇಗೆ? ಮದ್ರಾಸ್ ಐ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ. ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ಪಿಸುರು ಕಟ್ಟಿ ಬೆಳಿಗ್ಗೆ ರೆಪ್ಪೆಗಳು ಅಂಟಿರುತ್ತವೆ. ಪಿಸುರು ಒರೆಸಿಕೊಂಡರೆ ನೋಟ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಕಣ್ಣಿನ ಮುಂಭಾಗದ ಯುವಿಯೈಟಿಸ್ ಹೆಚ್ಚಾಗಿ ಒಂದೇ ಕಣ್ಣಿನಲ್ಲಿ ಶುರುವಾಗುತ್ತದೆ. ಪಿಸುರು ಇರುವುದಿಲ್ಲ. ಕಪ್ಪುಗುಡ್ಡೆಯ ಅಂಚಿನ ಸುತ್ತಲೇ ಕೆಂಪು ದಟ್ಟವಾಗಿರುತ್ತದೆ. ಒಳಗಿನಿಂದ ನೋವು, ಬೆಳಕು ನೋಡಲಾಗದ ಸಂಕಟ, ಮಸುಕಾದ ನೋಟ, ಕೆಲವೊಮ್ಮೆ ಕಿರಿದಾದ ಅಥವಾ ಸೊಟ್ಟಗಾದ ಪಾಪೆ ಇದರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಿಂದ ಕಣ್ಣಿನೊಳಗೆ ಬೆಳಕಿನ ತೆಳುವಾದ ಪಟ್ಟಿಯನ್ನು ಹಾಯಿಸುತ್ತಾರೆ. ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ಹೊಳೆಯುವಂತೆ, ಆ ಪಟ್ಟಿಯಲ್ಲಿ ಬಿಳಿ ರಕ್ತಕಣಗಳೂ ಸೋರಿದ ಪ್ರೋಟೀನುಗಳೂ ಹೊಳೆಯುತ್ತವೆ. ಹತ್ತನೆಯ ತರಗತಿಯ ಪಾಠದಲ್ಲಿ ಬರುವ ಟಿಂಡಾಲ್ ಪರಿಣಾಮ ಇದೇ! ಆರೋಗ್ಯವಂತ ಕಣ್ಣಿನ ದ್ರವ ತಿಳಿನೀರಿನಂತೆ ಕಪ್ಪಗೆ ಕಾಣುತ್ತದೆ. ಪರೀಕ್ಷೆಗೆ ಬೇಕಾಗಿ ಓದಿದ್ದು ಹೀಗೆ ಒಬ್ಬರ ಕಣ್ಣು ಉಳಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ತಡಮಾಡಿದರೆ ಐರಿಸ್ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಎಳೆಯ ವಯಸ್ಸಿನಲ್ಲೇ ಪೊರೆ ಬೆಳೆಯಬಹುದು, ರೆಟಿನಾ ಊದಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ ಮುಖ್ಯ. ಸ್ಟೀರಾಯ್ಡ್ ಹನಿಗಳನ್ನು ಅಂಗಡಿಯಿಂದ ತಾವೇ ತಂದು ಹಾಕಬಾರದು. ಕಬ್ಬಿನ ರವದಿಯೋ ಭತ್ತದ ಗರಿಯೋ ತಾಗಿ ಕಾರ್ನಿಯಾಕ್ಕೆ ಗಾಯವಾಗಿದ್ದರೆ ಅಲ್ಲಿ ಶಿಲೀಂಧ್ರದ ಸೋಂಕು ಇರಬಹುದು. ಸ್ಟೀರಾಯ್ಡ್ ಅದಕ್ಕೆ ತುಪ್ಪ ಸುರಿದಂತೆ. ಸೋಂಕಿಲ್ಲದಿದ್ದರೂ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ ಮತ್ತು ಪೊರೆ ಬರಬಹುದು. ವೈದ್ಯರೇ ಬರೆದುಕೊಟ್ಟಿದ್ದರೆ, ಕೆಂಪು ಹೋಯಿತೆಂದು ನಡುವೆ ಬಿಡಲೂಬಾರದು. ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಎದೆಹಾಲು, ಜೇನುತುಪ್ಪ, ಸೊಪ್ಪಿನ ರಸಗಳನ್ನು ಕಣ್ಣಿಗೆ ಹಾಕುವುದೂ ಬೇಡ.

ಮಗುವಿನ ಮೊಣಕಾಲೋ ಮಣಿಕಟ್ಟೋ ವಾರಗಟ್ಟಲೆ ಊದಿಕೊಂಡಿದ್ದು, ಬೆಳಿಗ್ಗೆ ಎದ್ದಾಗ ಕುಂಟುತ್ತಿದ್ದರೆ ತಂದೆ-ತಾಯಿಯರು ವಿಶೇಷ ಗಮನ ಕೊಡಬೇಕು. ಮಕ್ಕಳ ಸಂಧಿವಾತದಲ್ಲಿ ಬರುವ ಯುವಿಯೈಟಿಸ್ ಬಹಳ ಮೋಸದ್ದು. ಕಣ್ಣು ಕೆಂಪಾಗುವುದಿಲ್ಲ, ನೋವೂ ಇರುವುದಿಲ್ಲ. ಮಗು ದೂರು ಹೇಳುವ ಹೊತ್ತಿಗೆ ದೃಷ್ಟಿ ಕುಂದಿರುತ್ತದೆ. ಇಂಥ ಮಕ್ಕಳ ಕಣ್ಣನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ, ಕೆಲವರಿಗೆ ಮೂರು ತಿಂಗಳಿಗೊಮ್ಮೆ, ಸ್ಲಿಟ್ ಲ್ಯಾಂಪಿನಲ್ಲಿ ಪರೀಕ್ಷಿಸಲೇಬೇಕು.

ಕಾಕತಿಯಿಂದ ಬೆಳಗಾವಿ ಹತ್ತು ಕಿಲೋಮೀಟರಿನೊಳಗೆ. ಖಾನಾಪುರದಿಂದ ಸುಮಾರು 25 ಕಿಲೋಮೀಟರು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಕೆ.ಎಲ್.ಇ. ಆಸ್ಪತ್ರೆಯಲ್ಲಿಯೂ ಕಣ್ಣಿನ ವಿಭಾಗಗಳಿವೆ. ಒಂದು ದಿನದ ಶಾಲೆ ತಪ್ಪಿದರೆ ಪಾಠವನ್ನು ಗೆಳೆಯರಿಂದ ಬರೆದುಕೊಳ್ಳಬಹುದು, ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿಯಬಹುದು. ಬೇಲಿ ಹೊಲ ಮೇಯತೊಡಗಿದಾಗ ಮಾತ್ರ ಬೆಳೆ ಉಳಿದಿರುವಾಗಲೇ ಓಡಿಹೋಗಬೇಕು. ನೋವಿನ ಕೆಂಗಣ್ಣಿಗೆ ನಾಳೆ ನೋಡೋಣ ಎಂಬ ಮಾತು ಸಲ್ಲದು.